ದಾಳಿಂಬೆಯ ಸೊರಗು ರೋಗ: ವರ್ಷದ ಲಾಭವನ್ನಲ್ಲ, ಬಂಡವಾಳವನ್ನೇ ನುಂಗುವ ಶಿಲೀಂಧ್ರ

ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ಭಾಗಗಳ ವ್ಯಾಪಾರ ವಹಿವಾಟು ಹೊಲ ಮತ್ತು ತೋಟಗಳ ಸ್ಥಿತಿಗತಿಯನ್ನೇ ಅವಲಂಬಿಸಿರುತ್ತದೆ. ತೊಗರಿ, ಜೋಳ, ಕಡಲೆಗಳ ಜೊತೆಗೆ ನಿಂಬೆ, ದ್ರಾಕ್ಷಿ ಮತ್ತು ದಾಳಿಂಬೆ ತೋಟಗಳು ಈ ಭಾಗದ ವರ್ತಕರ, ಹನಿ ನೀರಾವರಿ ಸಾಮಗ್ರಿ ಮಾರಾಟಗಾರರ, ಗೊಬ್ಬರ-ಔಷಧಿ ಅಂಗಡಿಕಾರರ ಹಾಗೂ ಪ್ಯಾಕಿಂಗ್ ಪೆಟ್ಟಿಗೆ ತಯಾರಿಸುವ ಸಣ್ಣ ಉದ್ದಿಮೆದಾರರ ಆದಾಯಕ್ಕೆ ಆಧಾರವಾಗಿವೆ. ಆದ್ದರಿಂದ ತೋಟಕ್ಕೆ ತಗಲುವ ರೋಗವು ಕೇವಲ ರೈತನ ಸಂಕಷ್ಟವಾಗಿ ಉಳಿಯುವುದಿಲ್ಲ. ಅದು ಉದ್ರಿ ಖಾತೆಯ ಮೂಲಕ ಅಂಗಡಿಗೂ, ಸಾಲದ ಕಂತಿನ ಮೂಲಕ ಬ್ಯಾಂಕಿಗೂ ತಲುಪುತ್ತದೆ.

ಇಂತಹ ರೋಗಗಳಲ್ಲಿ ದಾಳಿಂಬೆಯ ಸೊರಗು ರೋಗವು ವಿಶೇಷವಾಗಿ ಗಮನಿಸತಕ್ಕದ್ದು. ಭಾರತದಲ್ಲಿ ಈ ರೋಗದ ಮೊದಲ ದಾಖಲೆ ದೊರೆತದ್ದು ಇದೇ ಜಿಲ್ಲೆಯಲ್ಲಿ. ಅಲ್ಲದೆ, ರೋಗಕಾರಕ ಶಿಲೀಂಧ್ರದ ವಂಶವಾಹಿಗಳ ಕುರಿತು ನಡೆದಿರುವ ಅಧ್ಯಯನಗಳು ವರ್ತಕ ಸಮುದಾಯಕ್ಕೆ ನೇರವಾಗಿ ಸಂಬಂಧಿಸಿದ ಒಂದು ಸಂಗತಿಯನ್ನು ತಿಳಿಸುತ್ತವೆ: ಈ ಕುಲದ ಶಿಲೀಂಧ್ರವು ದೂರದೂರಿಗೆ ಹರಡುವುದು ಗಾಳಿಯಿಂದಲ್ಲ, ಬಹುಮಟ್ಟಿಗೆ ಸರಕಿನ ಸಾಗಾಟದಿಂದ.

ಜಿಲ್ಲೆಯಲ್ಲಿ ರೋಗದ ಇತಿಹಾಸ

1990ರಲ್ಲಿ ಅಂದಿನ ಬಿಜಾಪುರ ಜಿಲ್ಲೆಯ ಎರಡು ಕಡೆಗಳಲ್ಲಿ ದಾಳಿಂಬೆ ಗಿಡಗಳು ಸೊರಗಿ ಒಣಗುತ್ತಿರುವುದು ಕಂಡುಬಂದಿತು. 1993ರ ಹೊತ್ತಿಗೆ ರೋಗವು ಜಿಲ್ಲೆಯಾದ್ಯಂತ ಹರಡಿತ್ತು. ಆ ಕಾಲದ ಬಿಜಾಪುರ ಜಿಲ್ಲೆಯು 11 ತಾಲ್ಲೂಕುಗಳ ದೊಡ್ಡ ಜಿಲ್ಲೆಯಾಗಿತ್ತು ಎಂಬುದನ್ನು ಇಲ್ಲಿ ನೆನಪಿಡಬೇಕು. ಬಾಗಲಕೋಟೆ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ; ಬಿಜಾಪುರಕ್ಕೆ ವಿಜಯಪುರವೆಂಬ ಹೆಸರು ಬಂದದ್ದು 2014ರಲ್ಲಿ.

1995ರವರೆಗೂ ರೋಗದ ನಿಜವಾದ ಕಾರಣ ಪತ್ತೆಯಾಗಿರಲಿಲ್ಲ. 1996ರಲ್ಲಿ ಸೊರಗಿದ ಗಿಡಗಳ ಬೇರು, ಕಾಂಡ ಮತ್ತು ಕೊಂಬೆಗಳಿಂದ ಸಿರಟೋಸಿಸ್ಟಿಸ್ ಫಿಂಬ್ರಿಯಾಟಾ ಎಂಬ ಶಿಲೀಂಧ್ರವನ್ನು ಬೇರ್ಪಡಿಸಲಾಯಿತು. ವಿಜ್ಞಾನಿ ವೈ. ಎಂ. ಸೋಮಶೇಖರ ಅವರು 1999ರಲ್ಲಿ ಇದನ್ನು ಅಂತರರಾಷ್ಟ್ರೀಯ ಸಸ್ಯರೋಗ ಪತ್ರಿಕೆಯಲ್ಲಿ ಪ್ರಕಟಿಸಿದರು. ಅಂದರೆ ರೋಗ ಕಾಣಿಸಿಕೊಂಡು ಕಾರಕ ಸಿಗುವವರೆಗೆ ಆರು ವರ್ಷಗಳು ಕಳೆದಿದ್ದವು. ರೋಗದ ಹೆಸರೇ ತಿಳಿಯದ ಆ ಅವಧಿಯಲ್ಲಿ, ಸಸಿ ಕೊಳ್ಳುವವನಾಗಲಿ ಮಾರುವವನಾಗಲಿ ಸೋಂಕಿನ ಬಗ್ಗೆ ಕೇಳಬೇಕಾದ ಪ್ರಶ್ನೆಯಾದರೂ ಏನಿತ್ತು? ಮುಂದೆ ಮಹಾರಾಷ್ಟ್ರ, ಆಂಧ್ರಪ್ರದೇಶ ಮುಂತಾದ ರಾಜ್ಯಗಳಿಂದಲೂ ಈ ರೋಗ ವರದಿಯಾಯಿತು. 2003ರಲ್ಲಿ ಚೀನಾದ ಯುನ್ನಾನ್ ಪ್ರಾಂತ್ಯದ ದಾಳಿಂಬೆಯಲ್ಲಿಯೂ ಇದೇ ಶಿಲೀಂಧ್ರ ಇರುವುದು ಪ್ರಕಟವಾಯಿತು.

ರೋಗದ ಸ್ವರೂಪ

ಮೊದಲು ಒಂದು ಕೊಂಬೆಯ ಎಲೆಗಳು ಹಳದಿಯಾಗಿ ಜೋತು ಬೀಳುತ್ತವೆ. ಕ್ರಮೇಣ ಇಡೀ ಗಿಡ ಒಣಗುತ್ತದೆ. ಕಾಯಿಗಳು ಉದುರದೆ ಗಿಡದ ಮೇಲೆಯೇ ಒಣಗಿ ನಿಲ್ಲುವುದೂ ಉಂಟು. ಅಂತಹ ಗಿಡದ ಕಾಂಡವನ್ನು ಉದ್ದಕ್ಕೆ ಸೀಳಿದರೆ ಒಳಗಿನ ಕಟ್ಟಿಗೆಯಲ್ಲಿ ಕಂದು ಅಥವಾ ಬೂದು ಮಿಶ್ರಿತ ಕಪ್ಪು ಬಣ್ಣದ ಗೆರೆಗಳು ಕಾಣುತ್ತವೆ. ನೀರನ್ನು ಬೇರಿನಿಂದ ಎಲೆಗೆ ಒಯ್ಯುವ ನಾಳಗಳನ್ನು ಶಿಲೀಂಧ್ರವು ಹಾಳುಗೆಡವುವುದೇ ಇದಕ್ಕೆ ಕಾರಣ. ಮಣ್ಣಿನಲ್ಲಿ ತೇವವಿದ್ದರೂ ಗಿಡ ಬಾಯಾರಿ ಸಾಯುತ್ತದೆ. ನಾಳಗಳು ಪೂರ್ಣವಾಗಿ ಕೆಟ್ಟ ಮೇಲೆ ಯಾವ ಔಷಧಿಯೂ ಗಿಡವನ್ನು ಮರಳಿ ತರಲಾರದು.

ಇದನ್ನು ದಾಳಿಂಬೆಯ ದುಂಡಾಣು ಅಂಗಮಾರಿ ರೋಗದೊಂದಿಗೆ ಬೆರೆಸಬಾರದು. ಅಂಗಮಾರಿಯು ಶಿಲೀಂಧ್ರದಿಂದಲ್ಲ, ದುಂಡಾಣುವಿನಿಂದ ಬರುತ್ತದೆ. ಅದು ಎಲೆ ಮತ್ತು ಕಾಯಿಗಳ ಮೇಲೆ ಚುಕ್ಕೆ ಮೂಡಿಸಿ ಕಾಯಿಯನ್ನು ಸೀಳುತ್ತದೆ. ಮಳೆಗಾಳಿಯಲ್ಲಿ ವೇಗವಾಗಿ ಹರಡುತ್ತದೆ. ಆದರೆ ಅಂಗಮಾರಿ ಬಂದ ಗಿಡವನ್ನು ಸವರಿ, ವಿಶ್ರಾಂತಿ ಕೊಟ್ಟು, ಮುಂದಿನ ಹಂಗಾಮಿಗೆ ಸಿದ್ಧಪಡಿಸುವ ಅವಕಾಶ ಉಳಿದಿರುತ್ತದೆ. ಸೊರಗು ರೋಗದಲ್ಲಿ ಆ ಅವಕಾಶವಿಲ್ಲ.

ಶಿಲೀಂಧ್ರವು ದಪ್ಪ ಗೋಡೆಯ ಬೀಜಕಗಳ ರೂಪದಲ್ಲಿ ಮಣ್ಣಿನಲ್ಲಿ ಮತ್ತು ಸತ್ತ ಕಟ್ಟಿಗೆಯಲ್ಲಿ ಬಹುಕಾಲ ಬದುಕಿರುತ್ತದೆ. ಬೇರಿಗೆ ಬೇರು ತಗಲುವುದರಿಂದ, ಸಾಲಿನಲ್ಲಿ ಹರಿಯುವ ನೀರಿನಿಂದ, ಸವರುವ ಕತ್ತರಿಯಿಂದ, ಕಾಂಡ ಕೊರೆಯುವ ಸಣ್ಣ ದುಂಬಿಗಳಿಂದ ಅದು ಪಕ್ಕದ ಗಿಡಕ್ಕೆ ದಾಟುತ್ತದೆ. ಬೇರುಗಂಟು ಜಂತುಹುಳುಗಳು ಮಾಡಿದ ಗಾಯಗಳು ಅದಕ್ಕೆ ಬಾಗಿಲು ತೆರೆದುಕೊಡುತ್ತವೆ. ನೀರು ಬಸಿಯದ ಆಳವಾದ ಎರೆಭೂಮಿಯಲ್ಲಿ ಅಪಾಯ ಹೆಚ್ಚು. ಆಲಮಟ್ಟಿ ಮತ್ತು ನಾರಾಯಣಪುರದ ನೀರು ತಲುಪಿದ ಕಡೆಗಳಲ್ಲಿ ಹೊಸ ತೋಟ ಹಾಕುವವರು ಗರಸು ನೆಲವನ್ನು ಆರಿಸಿಕೊಳ್ಳುವುದು, ಬಸಿಗಾಲುವೆ ತೆಗೆಯುವುದು ಈ ಕಾರಣದಿಂದಲೇ ಅವಶ್ಯಕ.

ವಂಶವಾಹಿಗಳು ಹೇಳುವ ಕಥೆ

ಒಂದೇ ಜಾತಿಯ ಜೀವಿಗಳ ದೊಡ್ಡ ಗುಂಪಿನಲ್ಲಿ ವಂಶವಾಹಿಗಳು ಹೇಗೆ ಹಂಚಿಕೆಯಾಗಿವೆ ಎಂಬುದನ್ನು ಪರೀಕ್ಷಿಸುವ ಶಾಸ್ತ್ರಕ್ಕೆ ಸಮುದಾಯ ತಳಿಶಾಸ್ತ್ರ ಎಂದು ಹೆಸರು. ವ್ಯಾಪಾರದ ಭಾಷೆಯಲ್ಲಿ ಹೇಳುವುದಾದರೆ ಇದು ಸರಕಿನ ಲಾಟ್ ನಂಬರ್ ನೋಡಿ ಮೂಲವನ್ನು ಪತ್ತೆ ಹಚ್ಚುವ ಕೆಲಸ. ಹತ್ತು ಊರುಗಳ ಅಂಗಡಿಗಳಲ್ಲಿ ಸಿಕ್ಕ ಮಾಲಿನ ಮೇಲೆ ಹತ್ತು ಬೇರೆ ಬೇರೆ ಲಾಟ್ ನಂಬರ್‌ಗಳಿದ್ದರೆ ಅದು ಹಲವು ಕಡೆಗಳಿಂದ ಬಂದದ್ದು. ಎಲ್ಲದರ ಮೇಲೆಯೂ ಒಂದೇ ನಂಬರ್ ಇದ್ದರೆ ಅದು ಒಂದೇ ಗೋದಾಮಿನಿಂದ ಹೊರಟದ್ದು. ಶಿಲೀಂಧ್ರದ ಡಿ.ಎನ್.ಎ.ಯಲ್ಲಿರುವ ಗುರುತುಗಳನ್ನು ವಿಜ್ಞಾನಿಗಳು ಇದೇ ರೀತಿ ಓದುತ್ತಾರೆ.

ಎರಡು ರೋಗಗಳನ್ನು ಹೋಲಿಸಿದರೆ ವಿಷಯ ಸ್ಪಷ್ಟವಾಗುತ್ತದೆ. ಸೇಬಿನ ಕಜ್ಜಿ ರೋಗವು ಜಗತ್ತಿನ ಸೇಬು ಬೆಳೆಗಾರರಿಗೆಲ್ಲ ಪರಿಚಿತ. 1973ರಲ್ಲಿ ಕಾಶ್ಮೀರದ ಸೇಬು ತೋಟಗಳಲ್ಲಿ ಅದು ಸಾಂಕ್ರಾಮಿಕವಾಗಿ ಹಾವಳಿ ಮಾಡಿತು. ಅದರ ಶಿಲೀಂಧ್ರವು ಉದುರಿದ ಎಲೆಗಳಲ್ಲಿ ಚಳಿಗಾಲ ಕಳೆಯುತ್ತದೆ. ಅಲ್ಲಿ ಎರಡು ಬೇರೆ ಗುಂಪಿನ ತಂತುಗಳು ಕೂಡಿ, ವಸಂತದಲ್ಲಿ ಹೊಸ ಬೀಜಕಗಳನ್ನು ಗಾಳಿಗೆ ಬಿಡುತ್ತವೆ. ಹೀಗಾಗಿ ಪ್ರತಿ ವರ್ಷ ವಂಶವಾಹಿಗಳ ಹೊಸ ಮಿಶ್ರಣ ಹುಟ್ಟುತ್ತದೆ. ಒಂದೇ ತೋಟದಲ್ಲಿಯೂ ಹಲವು ಬಗೆಯ ಶಿಲೀಂಧ್ರ ಸಿಗುತ್ತದೆ. ಸೇಬಿನ ತವರಾದ ಮಧ್ಯ ಏಷ್ಯಾದಿಂದ ಸೇಬಿನೊಂದಿಗೇ ಅದು ಜಗತ್ತಿಗೆ ಹರಡಿತೆಂದು ವಂಶವಾಹಿ ಅಧ್ಯಯನಗಳು ತೋರಿಸಿವೆ. ಒಮ್ಮೆ ನೆಲೆಸಿದ ಮೇಲೆ ಅದನ್ನು ಬೇಲಿ ಹಾಕಿ ತಡೆಯುವುದು ಅಸಾಧ್ಯ.

ಸಿರಟೋಸಿಸ್ಟಿಸ್‌ನ ರೀತಿ ಬೇರೆ. ಸೇಬಿನ ಕಜ್ಜಿಯದು ಪಾಲುದಾರಿಕೆ ಸಂಸ್ಥೆಯಾದರೆ ಇದು ಏಕಮಾಲೀಕ ಸಂಸ್ಥೆ. ಇದರ ಒಂದೇ ಬೀಜಕವು ಜೊತೆಗಾರನ ನೆರವಿಲ್ಲದೆ ತನ್ನಷ್ಟಕ್ಕೆ ತಾನೇ ಸಂತಾನ ಚಕ್ರವನ್ನು ಪೂರ್ಣಗೊಳಿಸಬಲ್ಲದು. ಅಂದರೆ ಒಂದು ಸೋಂಕಿತ ಸಸಿ ಹೊಸ ಊರಿಗೆ ಬಂದರೆ ಅಲ್ಲಿ ರೋಗ ನೆಲೆಯೂರಲು ಅಷ್ಟೇ ಸಾಕು. ಆದರೆ ಹಾಗೆ ಹುಟ್ಟಿದ ಸಂತತಿಯೆಲ್ಲ ಬಹುತೇಕ ಒಂದೇ ಅಚ್ಚಿನದಾಗಿರುತ್ತದೆ. ಇದರ ಬೀಜಕಗಳು ಅಂಟಂಟಾಗಿರುವುದರಿಂದ ಗಾಳಿಯಲ್ಲಿ ದೂರ ಹಾರಲಾರವು. ಹುಳು, ಮಣ್ಣು, ಉಪಕರಣ ಅಥವಾ ಸಸಿಯ ಮೂಲಕವೇ ಅವು ಮುಂದೆ ಸಾಗಬೇಕು.

1890ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಗೆಣಸಿನ ಕಪ್ಪು ಕೊಳೆರೋಗದ ಕಾರಣವಾಗಿ ಈ ಶಿಲೀಂಧ್ರ ಮೊದಲು ವರ್ಣಿತವಾಯಿತು. ದಾಳಿಂಬೆಯಲ್ಲಿ ದೊರೆತ ಶಿಲೀಂಧ್ರವನ್ನು ಅದರ ಲ್ಯಾಟಿನ್ ಅಮೆರಿಕ ಕವಲಿಗೆ ಸೇರಿಸಲಾಗಿದೆ. ಚೀನಾದ ಗೆಣಸು ಮತ್ತು ದಾಳಿಂಬೆಗಳಲ್ಲಿರುವ ಇದರ ಎರಡು ಸಮುದಾಯಗಳ ಬಗ್ಗೆ 2016ರಲ್ಲಿ ಪ್ರಕಟವಾದ ಅಧ್ಯಯನವು ಎರಡರಲ್ಲಿಯೂ ವಂಶವೈವಿಧ್ಯ ತೀರ ಕುಗ್ಗಿರುವುದನ್ನು ತೋರಿಸಿತು. ಬಿಜಾಪುರದ ರೋಗವನ್ನು ದಾಖಲಿಸಿದ ಸೋಮಶೇಖರ ಅವರೂ ಈ ಅಧ್ಯಯನದ ಲೇಖಕರಲ್ಲೊಬ್ಬರು. ಹಲವು ವಂಶಗಳಿರುವ ತವರಿನಿಂದ ಕೆಲವೇ ಬೀಜಕಗಳು ಹೊರಗೆ ಹೋಗಿ ಬೇರೂರಿದಾಗ ಉಂಟಾಗುವ ಲಕ್ಷಣವಿದು.

ಯುರೋಪಿನ ಉದಾಹರಣೆಯು ವರ್ತಕರಿಗೆ ಇನ್ನೂ ಬೋಧಪ್ರದವಾಗಿದೆ. ಅಲ್ಲಿನ ರಸ್ತೆಬದಿಯ ಪ್ಲೇನ್ ಮರಗಳನ್ನು ಇದೇ ಕುಲದ ಶಿಲೀಂಧ್ರವೊಂದು ಕೊಲ್ಲುತ್ತಾ ಬಂದಿದೆ. ಎರಡನೆಯ ಮಹಾಯುದ್ಧದ ಸಮಯದಲ್ಲಿ ಅಮೆರಿಕದ ಸೇನೆಯ ಮದ್ದುಗುಂಡುಗಳನ್ನು ತುಂಬಿದ್ದ ಮರದ ಪೆಟ್ಟಿಗೆಗಳೊಂದಿಗೆ ಅದು ಇಟಲಿಗೆ ಬಂದಿತೆಂದು ಭಾವಿಸಲಾಗಿದೆ. 2004ರಲ್ಲಿ ಪ್ರಕಟವಾದ ವಂಶವಾಹಿ ಪರೀಕ್ಷೆಯಲ್ಲಿ, ಆಗ್ನೇಯ ಅಮೆರಿಕದ ಶಿಲೀಂಧ್ರದಲ್ಲಿ ಸಾಕಷ್ಟು ವೈವಿಧ್ಯವಿದ್ದು, ಯುರೋಪಿನದೆಲ್ಲ ಬಹುತೇಕ ಒಂದೇ ವಂಶದ್ದೆಂದು ತಿಳಿದುಬಂದಿತು. ಪೆಟ್ಟಿಗೆಯ ಹಸಿ ಕಟ್ಟಿಗೆಯೊಂದು ಖಂಡದ ಮರಗಳಿಗೆ ರೋಗ ತಂದಂತಾಯಿತು. ಇಂದು ರಫ್ತು ಮಾಡುವವರು ಮರದ ಪ್ಯಾಕಿಂಗನ್ನು 56 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ 30 ನಿಮಿಷ ಕಾಯಿಸಿ ಮುದ್ರೆ ಹಾಕಿಸುವ ನಿಯಮವಿರುವುದು ಇಂತಹ ಅನುಭವಗಳ ಫಲವಾಗಿಯೇ. ಆ ಅಂತರರಾಷ್ಟ್ರೀಯ ಮಾನದಂಡವು 2002ರಲ್ಲಿ ಅಂಗೀಕಾರವಾಯಿತು.

ಗಿಡವೂ ಒಂದೇ ಅಚ್ಚು

ಶಿಲೀಂಧ್ರದಂತೆಯೇ ತೋಟದ ಗಿಡಗಳ ವಂಶವನ್ನೂ ನೋಡಬೇಕು. ದಾಳಿಂಬೆಯ ಸಸಿಗಳನ್ನು ಬೀಜದಿಂದ ಬೆಳೆಸುವುದಿಲ್ಲ. ಗೂಟಿ ಕಟ್ಟಿ ಅಥವಾ ಅಂಗಾಂಶ ಕೃಷಿಯಿಂದ ಪಡೆಯುತ್ತಾರೆ. ರಾಹುರಿಯ ಮಹಾತ್ಮಾ ಫುಲೆ ಕೃಷಿ ವಿದ್ಯಾಪೀಠದ ಭಗ್ವಾ ತಳಿಯು ಬಣ್ಣ ಮತ್ತು ಬಾಳಿಕೆಯಿಂದಾಗಿ ಪೇಟೆಯನ್ನು ಆಳುತ್ತಿದೆ. ಹೀಗಾಗಿ ಸಾವಿರ ಗಿಡಗಳ ತೋಟವೆಂದರೆ ವಂಶದ ದೃಷ್ಟಿಯಿಂದ ಒಂದೇ ಗಿಡದ ಸಾವಿರ ಪ್ರತಿಗಳು. ಒಂದನ್ನು ಕೊಲ್ಲಬಲ್ಲ ಶಿಲೀಂಧ್ರ ಎಲ್ಲವನ್ನೂ ಕೊಲ್ಲಬಲ್ಲದು.

ಈ ಭಾಗದವರಿಗೆ ತೊಗರಿಯ ನೆಟೆರೋಗ ಚಿರಪರಿಚಿತ. ಅದೂ ಮಣ್ಣಿನ ಶಿಲೀಂಧ್ರದಿಂದಲೇ ಬರುತ್ತದೆ. ಆದರೆ 1980ರ ದಶಕದಲ್ಲಿ ನೆಟೆರೋಗ ನಿರೋಧಕ ಮಾರುತಿ ತಳಿ ಬಂದಾಗ ರೈತರು ಮರುವರ್ಷವೇ ಬೀಜ ಬದಲಾಯಿಸಲು ಸಾಧ್ಯವಾಯಿತು. ತೊಗರಿ ವರ್ಷದ ಬೆಳೆ. ದಾಳಿಂಬೆ ಹತ್ತಾರು ವರ್ಷಗಳ ಹೂಡಿಕೆ. ಮೂರನೆಯ ವರ್ಷದಲ್ಲಿ ತಳಿ ಬದಲಿಸುವುದೆಂದರೆ ತೋಟವನ್ನೇ ಕಿತ್ತು ಹಾಕಿದಂತೆ.

ಲೆಕ್ಕಪತ್ರದ ದೃಷ್ಟಿಯಿಂದ

2016ರಲ್ಲಿ ಪರಿಷ್ಕೃತವಾದ ಲೆಕ್ಕಪತ್ರ ಮಾನಕ 10, ಹಲವು ವರ್ಷ ಫಲ ಕೊಡುವ ಗಿಡಗಳನ್ನು ಕಟ್ಟಡ, ಯಂತ್ರಗಳ ಸಾಲಿನಲ್ಲಿ ಸ್ಥಿರ ಆಸ್ತಿಯಾಗಿ ಪರಿಗಣಿಸಿತು. ಸಣ್ಣ ತೋಟಗಾರನಿಗೆ ಆ ಮಾನಕ ಅನ್ವಯಿಸದಿದ್ದರೂ ಅದರ ಹಿಂದಿನ ತತ್ತ್ವವು ಅವನಿಗೂ ಸತ್ಯ. ಅಂಗಮಾರಿ ಅಥವಾ ಆಲಿಕಲ್ಲು ಮಳೆಯ ಹಾನಿಯು ಆ ವರ್ಷದ ಲಾಭ-ನಷ್ಟ ಖಾತೆಗೆ ಸೇರಿದ್ದು. ಸೊರಗು ರೋಗದ ಹಾನಿಯು ಅಢಾವೆ ಪತ್ರಿಕೆಯ ಆಸ್ತಿಯನ್ನೇ ಅಳಿಸುತ್ತದೆ.

ಲೆಕ್ಕದ ವಿಧಾನವನ್ನು ತೋರಿಸಲು ಮಾತ್ರ ಒಂದು ಉದಾಹರಣೆ ಕೊಡಬಹುದು. 4.5 ಮೀಟರ್ ಮತ್ತು 3 ಮೀಟರ್ ಅಂತರದಲ್ಲಿ ನೆಟ್ಟರೆ ಎಕರೆಗೆ ಸುಮಾರು 300 ಗಿಡಗಳು ಹಿಡಿಯುತ್ತವೆ. ಮೊದಲ ಫಸಲಿನವರೆಗಿನ ಖರ್ಚು ರೂ. 3,00,000 ಎಂದೂ ಫಲ ಕೊಡುವ ಅವಧಿ 12 ವರ್ಷವೆಂದೂ ಭಾವಿಸೋಣ. ಗಿಡವೊಂದಕ್ಕೆ ರೂ. 1,000 ಬಂಡವಾಳ, ಇಡೀ ತೋಟದ ವಾರ್ಷಿಕ ಸವಕಳಿ ರೂ. 25,000. ಮೂರು ಫಸಲಿನ ನಂತರ ತೋಟದ ಪುಸ್ತಕ ಮೌಲ್ಯ ರೂ. 2,25,000, ಗಿಡವೊಂದರದು ರೂ. 750. ಆಗ 40 ಗಿಡಗಳು ಸತ್ತರೆ ಪುಸ್ತಕದಲ್ಲಿ ಕಾಣುವ ನಷ್ಟ ರೂ. 30,000 ಮಾತ್ರ. ಆದರೆ ಆ 40 ಗಿಡಗಳು ಮುಂದಿನ ಒಂಬತ್ತು ವರ್ಷ ಕೊಡಬೇಕಿದ್ದ ಫಸಲು, ಸೋಂಕಿತ ಗುಂಡಿಯನ್ನು ಶುದ್ಧಗೊಳಿಸುವ ಖರ್ಚು, ಸುತ್ತಲಿನ ಗಿಡಗಳಿಗಿರುವ ಅಪಾಯ ಇವು ಯಾವುವೂ ಆ ಮೊತ್ತದಲ್ಲಿ ಸೇರಿಲ್ಲ. ಸಾಲದ ಕಂತು ಮಾತ್ರ 300 ಗಿಡಗಳ ಲೆಕ್ಕದಲ್ಲಿಯೇ ಮುಂದುವರಿಯುತ್ತದೆ.

ವಿಮೆಯ ಬಗ್ಗೆಯೂ ಒಂದು ತಪ್ಪು ತಿಳಿವಳಿಕೆ ಇದೆ. 2016ರಲ್ಲಿ ಜಾರಿಗೆ ಬಂದ ಮರುವಿನ್ಯಾಸಗೊಳಿಸಿದ ಹವಾಮಾನ ಆಧಾರಿತ ಬೆಳೆ ವಿಮಾ ಯೋಜನೆಯಲ್ಲಿ ಪರಿಹಾರವು ಮಳೆ, ಉಷ್ಣತೆ, ತೇವಾಂಶಗಳ ಅಂಕಿಅಂಶದ ಮೇಲೆ ನಿರ್ಧಾರವಾಗುವಂಥದು. ಮಣ್ಣಿನೊಳಗಿನ ಶಿಲೀಂಧ್ರದಿಂದ ಗಿಡ ಸತ್ತಿತೆಂಬುದು ಮಳೆಮಾಪಕದಲ್ಲಿ ದಾಖಲಾಗುವುದಿಲ್ಲ. ಆದ್ದರಿಂದ ವಿಮಾ ಕಂತು ತುಂಬಿದ ತೋಟವೆಂಬ ಒಂದೇ ಕಾರಣದಿಂದ ಮುಂಗಡ ಕೊಡುವುದು ಸುರಕ್ಷಿತವಲ್ಲ.

ಸಸಿ ವ್ಯಾಪಾರ ಮತ್ತು ಕಾನೂನು

1966ರ ಬೀಜ ಕಾಯಿದೆಯು ಬೀಜವೆಂಬ ಪದದ ವ್ಯಾಖ್ಯೆಯಲ್ಲಿ ಆಹಾರ ಬೆಳೆಗಳ ಸಸಿ, ಬೇರು, ಕಾಂಡದ ತುಂಡು, ಎಲ್ಲ ಬಗೆಯ ಕಸಿಗಳನ್ನು ಸೇರಿಸಿತು. ದೋಷಪೂರಿತ ಬೀಜ ಕೊಂಡ ರೈತನು ಗ್ರಾಹಕನೇ ಆಗಿದ್ದು, ಗ್ರಾಹಕ ವೇದಿಕೆಯಲ್ಲಿ ಪರಿಹಾರ ಕೇಳಬಹುದೆಂದು 2012ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ಆದ್ದರಿಂದ ಸಸಿ ಮಾರುವವರು ತಮ್ಮ ಹೊಣೆಯನ್ನು ಹಗುರವಾಗಿ ಭಾವಿಸಬಾರದು.

ತೆರಿಗೆಯ ಒಂದು ಅಂಶವನ್ನೂ ಇಲ್ಲಿ ಗಮನಿಸಬೇಕು. ನರ್ಸರಿಯಲ್ಲಿ ಬೆಳೆಸಿದ ಸಸಿಗಳ ಆದಾಯವನ್ನು ಕೃಷಿ ಆದಾಯವೆಂದು ಭಾವಿಸುವ ವಿವರಣೆಯನ್ನು 2008ರ ಹಣಕಾಸು ಕಾಯಿದೆಯು ಆದಾಯ ತೆರಿಗೆ ಕಾನೂನಿಗೆ ಸೇರಿಸಿತು. ಇದರಿಂದ ತೆರಿಗೆಯ ಹೊರೆ ತಪ್ಪಿತೆಂದು ಅನೇಕರು ಪುಸ್ತಕವನ್ನೇ ಇಡುವುದಿಲ್ಲ. ಬೇರೆ ಕಡೆಯಿಂದ ಸಸಿ ತಂದು ಮಾರುವವನ ಆದಾಯವು ವ್ಯಾಪಾರದ ಆದಾಯವೇ ಹೊರತು ಕೃಷಿ ಆದಾಯವಲ್ಲ. ತೆರಿಗೆ ಇರಲಿ, ಇಲ್ಲದಿರಲಿ, ಯಾವ ತಾಯಿಗಿಡದ ಸಸಿ ಯಾರ ತೋಟಕ್ಕೆ ಹೋಯಿತೆಂಬ ದಾಖಲೆ ಇಲ್ಲದಿದ್ದರೆ ರೋಗದ ಮೂಲ ಪತ್ತೆಯಾಗುವುದಿಲ್ಲ. ಪ್ರಾಮಾಣಿಕ ಮಾರಾಟಗಾರನಿಗೆ ತನ್ನ ನಿರ್ದೋಷಿತ್ವವನ್ನು ಸಾಬೀತುಪಡಿಸುವ ದಾರಿಯೂ ಉಳಿಯುವುದಿಲ್ಲ.

ಕೈಗೊಳ್ಳಬೇಕಾದ ಕ್ರಮಗಳು

1. ಸಸಿ ಮಾರಾಟಗಾರರು ತಾಯಿಗಿಡದ ತೋಟ, ಗೂಟಿ ಕಟ್ಟಿದ ದಿನಾಂಕ, ಚೀಲಕ್ಕೆ ತುಂಬಿದ ಮಣ್ಣಿನ ಮೂಲ ಮತ್ತು ಕೊಂಡವರ ಊರುಗಳನ್ನು ಲಾಟ್ ನಂಬರ್ ಪ್ರಕಾರ ನೋಂದಣಿ ಪುಸ್ತಕದಲ್ಲಿ ಬರೆದಿಡಬೇಕು. ಅದೇ ನಂಬರನ್ನು ಬಿಲ್ಲಿನಲ್ಲಿಯೂ ನಮೂದಿಸಬೇಕು.

2. ಸೊರಗು ಕಂಡ ತೋಟದಿಂದ, ಅಲ್ಲಿನ ಆರೋಗ್ಯವಂತ ಗಿಡದಿಂದಲೂ, ಗೂಟಿ ತೆಗೆಯಬಾರದು. ಅಂತಹ ತೋಟದ ಮಣ್ಣನ್ನು ಚೀಲಕ್ಕೆ ತುಂಬಬಾರದು.

3. ತೋಟಗಾರರು ಅಗ್ಗದ ದರಕ್ಕೆ ಮನಸೋಲದೆ, ಸರ್ಕಾರಿ ಸಂಸ್ಥೆಗಳಿಂದ ಅಥವಾ ಮಾನ್ಯತೆ ಪಡೆದ ನರ್ಸರಿಗಳಿಂದ ಬಿಲ್ಲು ಸಹಿತ ಸಸಿ ಕೊಳ್ಳಬೇಕು. ಸಸಿಯ ದರ ಒಟ್ಟು ಹೂಡಿಕೆಯ ಅಲ್ಪ ಭಾಗ. ಅದರಲ್ಲಿ ಮಾಡಿದ ಉಳಿತಾಯ ಉಳಿದ ಹೂಡಿಕೆಯನ್ನೆಲ್ಲ ಅಪಾಯಕ್ಕೆ ಒಡ್ಡುತ್ತದೆ.

4. ತೋಟ ಗುತ್ತಿಗೆ ಹಿಡಿಯುವವರು ಹಾಗೂ ಮುಂಗಡ ಕೊಡುವವರು ಕಾಯಿಯನ್ನು ಮಾತ್ರ ನೋಡದೆ ಸತ್ತ ಗಿಡಗಳನ್ನೂ ಎಣಿಸಬೇಕು. ಖಾಲಿ ಗುಂಡಿಗಳು ಅಲ್ಲಲ್ಲಿ ಚದುರಿದ್ದರೆ ಒಂದು ಅರ್ಥ. ಒಂದೇ ಸಾಲಿನಲ್ಲಿ ಕ್ರಮವಾಗಿ ಹಬ್ಬಿದ್ದರೆ ಅದು ಸೊರಗಿನ ಸೂಚನೆಯಾಗಿರಬಹುದು.

5. ಸವರುವ ತಂಡಗಳು ತೋಟದಿಂದ ತೋಟಕ್ಕೆ ಹೋಗುವಾಗ ಕತ್ತರಿ, ಗರಗಸಗಳನ್ನು ಸೋಂಕುನಿವಾರಕದಲ್ಲಿ ಅದ್ದಬೇಕು. ಅಂತಹ ತಂಡಗಳಿಗೆ ಉಪಕರಣ ಮಾರುವ ಅಂಗಡಿಗಳು ಜೊತೆಗೆ ಸೋಂಕುನಿವಾರಕವನ್ನೂ ಒದಗಿಸುವುದು ಒಳ್ಳೆಯದು.

6. ಸತ್ತ ಗಿಡವನ್ನು ಬೇರು ಸಹಿತ ಕಿತ್ತು ಸ್ಥಳದಲ್ಲಿಯೇ ಸುಡಬೇಕು. ಅದನ್ನು ಉರುವಲಾಗಿ ಬೇರೆ ಊರಿಗೆ ಸಾಗಿಸಬಾರದು. ಸುತ್ತಲಿನ ಗಿಡಗಳ ಬೇರಿಗೆ ಸುರಿಯುವ ಔಷಧಿಯ ಪ್ರಮಾಣವನ್ನು ತೋಟಗಾರಿಕೆ ಇಲಾಖೆ ಅಥವಾ ಕೃಷಿ ವಿಜ್ಞಾನ ಕೇಂದ್ರದ ಸಲಹೆಯಂತೆಯೇ ನಿರ್ಧರಿಸಬೇಕು.

7. ಶಂಕೆಯಿದ್ದಲ್ಲಿ ಕಾಂಡ ಮತ್ತು ಬೇರಿನ ಮಾದರಿಯನ್ನು ಪರೀಕ್ಷೆಗೆ ಕಳುಹಿಸಬೇಕು. 2005ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ದಾಳಿಂಬೆ ಸಂಶೋಧನಾ ಕೇಂದ್ರವು ನೆರೆಯ ಸೊಲ್ಲಾಪುರದಲ್ಲಿಯೇ ಇದೆ. 2008ರಲ್ಲಿ ಸ್ಥಾಪಿತವಾದ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ ಬಾಗಲಕೋಟೆಯಲ್ಲಿದೆ. 1990ರ ರೈತನಿಗೆ ಈ ಎರಡೂ ಸೌಲಭ್ಯಗಳಿರಲಿಲ್ಲ.

ಹಣ್ಣಿನ ವ್ಯಾಪಾರಿಗಳು ಅನಾವಶ್ಯಕವಾಗಿ ಭಯಪಡಬೇಕಾಗಿಲ್ಲ. ಈ ರೋಗದ ಮುಖ್ಯ ವಾಹಕಗಳು ಸಸಿ, ಮಣ್ಣು, ಬೇರು ಮತ್ತು ಕಟ್ಟಿಗೆಗಳೇ ಹೊರತು ಪೇಟೆಗೆ ಬರುವ ಹಣ್ಣಲ್ಲ. ತಡೆಯಬೇಕಾದದ್ದು ಹಣ್ಣಿನ ಲಾರಿಯನ್ನಲ್ಲ, ಲೆಕ್ಕವಿಲ್ಲದ ಸಸಿಯ ಲಾರಿಯನ್ನು.

ಗಾಳಿಯಲ್ಲಿ ಬರುವ ರೋಗವನ್ನು ತಡೆಯುವುದು ವರ್ತಕರ ಕೈಯಲ್ಲಿಲ್ಲ. ಸರಕಿನೊಂದಿಗೆ ಬರುವ ರೋಗವನ್ನು ತಡೆಯುವುದು ಬಹುಪಾಲು ಅವರ ಕೈಯಲ್ಲಿದೆ. ಬಿಲ್ಲು, ಲಾಟ್ ನಂಬರ್ ಮತ್ತು ನೋಂದಣಿ ಪುಸ್ತಕಗಳು ವ್ಯಾಪಾರಸ್ಥರಿಗೆ ಹೊಸವಲ್ಲ. ಎಣ್ಣೆ, ಬೇಳೆ, ಬಟ್ಟೆಗಳಿಗೆ ಪಾಲಿಸುವ ಆ ಶಿಸ್ತನ್ನು ಸಸಿಯ ವ್ಯಾಪಾರಕ್ಕೂ ವಿಸ್ತರಿಸಿದರೆ, ನಾಲ್ಕು ತಾಲ್ಲೂಕುಗಳ ಹೊಸ ತೋಟಗಳು ಹಳೆಯ ರೋಗದಿಂದ ದೂರ ಉಳಿಯಲು ಅದು ದೊಡ್ಡ ನೆರವಾಗುತ್ತದೆ.